ಬೇಸಿಗೆಯಲ್ಲಿ ಹುಳಿಹಿಟ್ಟಿನ ಬ್ರೆಡ್ ಚಪ್ಪಟೆಯಾದರೆ: ದೋಷ ಹುಡುಕುವ ಬಗೆ

ಏಪ್ರಿಲ್ ಎರಡನೆಯ ವಾರ. ದಾವಣಗೆರೆಯಲ್ಲಿ ಹಗಲಿಗೆ 38 ಡಿಗ್ರಿ. ಡಿಸೆಂಬರ್‌ನಿಂದ ಒಂದು ಸಲವೂ ಕೈಕೊಡದ ಅದೇ ಅಳತೆ, ಅದೇ ಹಿಟ್ಟು, ಅದೇ ಓವನ್. ಆದರೂ ಬುಟ್ಟಿಯಿಂದ ಬೋರಲು ಹಾಕಿದ ಕಣಕ ಒಂದು ಕ್ಷಣ ನಿಂತ ಹಾಗೆ ಮಾಡಿ ಬೆರಣಿಯಂತೆ ಹರಡಿಕೊಂಡಿತು. ಬ್ಲೇಡಿನಿಂದ ಹಾಕಿದ ಗೀರು ಬಾಯಿ ಬಿಡಲಿಲ್ಲ. ಮುಕ್ಕಾಲು ಗಂಟೆ ಬೆಂದರೂ ಮೇಲ್ಮೈ ಕೆಂಪಾಗದೆ ಬೂದುಬೂದಾಗಿಯೇ ಉಳಿಯಿತು. ಅತ್ತೆ ಬಂದು ನೋಡಿ, "ಇದಕ್ಕೆ ಎರಡು ದಿನ ಒದ್ದಾಡಿದೆಯೇನಮ್ಮ? ಜೋಳದ ರೊಟ್ಟಿ ಇದಕ್ಕಿಂತ ಚೆನ್ನಾಗಿ ಉಬ್ಬುತ್ತದಲ್ಲ" ಎಂದರು.

ಹಾಗೆ ಸತತ ಐದು ಬ್ರೆಡ್ ಹಾಳಾದವು. ನಾನು ಮಾಡಿದ ತಪ್ಪೆಂದರೆ ಪ್ರತಿ ಸಲವೂ ಎರಡು ಮೂರನ್ನು ಒಟ್ಟಿಗೇ ಬದಲಿಸಿದ್ದು. ಹಿಟ್ಟು ಬದಲಿಸಿದೆ, ನೀರು ಕಡಿಮೆ ಮಾಡಿದೆ, ಸಿಟ್ಟು ಬಂದು ಹಳೆಯ ಸ್ಟಾರ್ಟರನ್ನು, ಅಂದರೆ ಬ್ರೆಡ್ ಉಬ್ಬಿಸಲೆಂದು ಹುದುಗಿಸಿಟ್ಟ ಹಿಟ್ಟು-ನೀರಿನ ಮಿಶ್ರಣವನ್ನು, ಚೆಲ್ಲಿ ಹೊಸದನ್ನು ಕಟ್ಟಿದೆ. ನಿಜವಾದ ದೋಷ ಇವು ಯಾವುದರಲ್ಲೂ ಇರಲಿಲ್ಲ. ಅದು ಸಿಕ್ಕಿದ ಮೇಲೆ, ಯಾವ ಕ್ರಮದಲ್ಲಿ ಹುಡುಕಿದ್ದರೆ ಎರಡನೆಯ ಬ್ರೆಡ್ಡಿಗೇ ಸಿಗುತ್ತಿತ್ತು ಎಂದು ಬರೆದಿಟ್ಟುಕೊಂಡದ್ದು ಇದು. ಒಂದು ಮಾತು: ಎಲ್ಲರೂ ಸ್ಟಾರ್ಟರ್ ಎನ್ನುವುದನ್ನು ಮುಂದೆ ನಾನು ಹೆಪ್ಪು ಎಂದೇ ಕರೆಯುತ್ತೇನೆ. ನಮ್ಮ ಮನೆಯಲ್ಲಿ ಅದಕ್ಕೆ ಆ ಹೆಸರೇ ನಿಂತಿದೆ.

ಹಾಳಾದ ಬ್ರೆಡ್ಡನ್ನು ಎಸೆಯಬೇಡಿ, ಕತ್ತರಿಸಿ

ಪೂರ್ತಿ ಆರಿದ ಮೇಲೆ ನಡುಮಧ್ಯಕ್ಕೆ ಕತ್ತರಿಸಿ ತಿರುಳನ್ನು ಬೆಳಕಿಗೆ ಹಿಡಿಯಿರಿ. ಬಿಸಿಯಲ್ಲೇ ಕತ್ತರಿಸಿದರೆ ಚೆನ್ನಾಗಿ ಬಂದ ಬ್ರೆಡ್ ಕೂಡ ಅಂಟಂಟಾಗಿ ಕಾಣುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಅಲ್ಲಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ಗುಹೆಗಳು, ಅವುಗಳ ಸುತ್ತ ಒತ್ತಾದ, ಮೇಣದಂಥ ತಿರುಳು ಇದ್ದರೆ ಕಣಕಕ್ಕೆ ಹುದುಗು ಸಾಲದು. ಎಲ್ಲ ಕಡೆ ಒಂದೇ ಸಮನಾದ ಸಣ್ಣ ತೂತುಗಳು, ಚಪ್ಪಟೆ ಮೈ, ಮೇಲೆ ಬಣ್ಣವಿಲ್ಲ, ನಾಲಿಗೆಗೆ ಚುರುಕ್ಕೆನ್ನುವ ಹುಳಿ ಇದ್ದರೆ ಹುದುಗು ಮಿತಿಮೀರಿದೆ. ಬಣ್ಣ ಬಾರದಿರುವುದಕ್ಕೆ ಓವನ್ನನ್ನು ಬೈಯಬೇಡಿ. ಮೇಲ್ಮೈ ಕೆಂಪಾಗಲು ಕಣಕದಲ್ಲಿ ಸಕ್ಕರೆಯ ಅಂಶ ಉಳಿದಿರಬೇಕು. ಅದನ್ನೆಲ್ಲ ಯೀಸ್ಟೂ ಬ್ಯಾಕ್ಟೀರಿಯವೂ ಆಗಲೇ ತಿಂದು ಮುಗಿಸಿರುತ್ತವೆ.

ಬೇಸಿಗೆಯ ಬ್ರೆಡ್ ಎಂದರೆ ಹುದುಗು ಹೆಚ್ಚಾಗಿದ್ದೇ ಇರಬೇಕು ಎಂದುಕೊಳ್ಳಬೇಡಿ. ಹುಳಿಯೇರಿ ಸೊರಗಿದ ಹೆಪ್ಪು ಹಾಕಿದರೆ ಕಣಕ ಉಬ್ಬುವುದೂ ಇಲ್ಲ, ಗಟ್ಟಿಯಾಗಿ ನಿಲ್ಲುವುದೂ ಇಲ್ಲ. ಒತ್ತಾದ ತಿರುಳು ಮತ್ತು ಚಪ್ಪಟೆ ಮೈ ಎರಡೂ ಒಟ್ಟಿಗೆ ಸಿಗುತ್ತವೆ. ಇಂಥ ಬ್ರೆಡ್ಡನ್ನು ಕಂಡು "ಇನ್ನೂ ಸ್ವಲ್ಪ ಹೊತ್ತು ಬಿಡಬೇಕಿತ್ತು" ಎಂದು ಮುಂದಿನ ಸಲ ಎರಡು ಗಂಟೆ ಹೆಚ್ಚು ಬಿಟ್ಟವರ ಪಾಡು ಹೇಳತೀರದು. ಮೂರನೆಯ ಬ್ರೆಡ್ಡಿನಲ್ಲಿ ನಾನು ಮಾಡಿದ್ದು ಅದನ್ನೇ.

ಕಣಕಕ್ಕೆ ಜ್ವರ ಬಂದಿದೆಯೇ ನೋಡಿ

ಬ್ರೆಡ್ ಪಾಕವಿಧಾನಗಳಲ್ಲಿ ಬರುವ "ಕೋಣೆಯ ಉಷ್ಣತೆ" ಎಂಬ ಮಾತು ಹುಟ್ಟಿದ್ದು ತಂಪು ದೇಶಗಳ ಅಡುಗೆಮನೆಗಳಲ್ಲಿ. ಅದರ ಅರ್ಥ ಹೆಚ್ಚೆಂದರೆ 21ರಿಂದ 24 ಡಿಗ್ರಿ. ನಮ್ಮ ಏಪ್ರಿಲ್ ಕೋಣೆ ಅದಕ್ಕಿಂತ 12 ಡಿಗ್ರಿ ಮೇಲಿರುತ್ತದೆ. ಉಷ್ಣತೆ 8–10 ಡಿಗ್ರಿ ಏರಿದರೆ ಹುದುಗಿನ ವೇಗ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಆರು ಗಂಟೆ ಎಂದು ಬರೆದದ್ದು ಇಲ್ಲಿ ಎರಡೂವರೆ ಮೂರು ಗಂಟೆಗೆ ಮುಗಿದಿರುತ್ತದೆ.

ಬರೀ ವೇಗದ ಮಾತಾಗಿದ್ದರೆ ಬೇಗ ಬೇಯಿಸಿ ಪಾರಾಗಬಹುದಿತ್ತು. ಆದರೆ ಹೆಪ್ಪಿನಲ್ಲಿರುವ ಎರಡು ಪಂಗಡಗಳಿಗೆ, ಅಂದರೆ ಉಬ್ಬಿಸುವ ಯೀಸ್ಟಿಗೂ ಹುಳಿ ತರುವ ಬ್ಯಾಕ್ಟೀರಿಯಕ್ಕೂ, ಸೆಕೆ ಒಂದೇ ರೀತಿ ಒಗ್ಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಬ್ರೆಡ್ಡಿನಿಂದ ಬೇರ್ಪಡಿಸಿ 1971ರಲ್ಲಿ ವಿವರಿಸಿದ ಹುಳಿ ಬ್ಯಾಕ್ಟೀರಿಯ 32 ಡಿಗ್ರಿಯ ಆಸುಪಾಸಿನಲ್ಲಿ ಅತಿ ಚುರುಕು. ಅದರ ಜೊತೆಗಾರ ಯೀಸ್ಟಿಗೆ 27 ಡಿಗ್ರಿ ಹಿತ, 36ರ ಹೊತ್ತಿಗೆ ಅದು ಬೆಳೆಯುವುದನ್ನೇ ನಿಲ್ಲಿಸುತ್ತದೆ. ನಿಮ್ಮ ಹೆಪ್ಪಿನಲ್ಲಿ ಇವೇ ಜಾತಿಗಳು ಇರಬೇಕೆಂದಿಲ್ಲ, ಆದರೆ ಒಲವು ಇದೇ. ಸೆಕೆಯಲ್ಲಿ ಹುಳಿ ಓಡುತ್ತದೆ, ಉಬ್ಬು ಹಿಂದೆ ಬೀಳುತ್ತದೆ. ಹುಳಿ ಏರಿದಷ್ಟೂ ಹಿಟ್ಟಿನಲ್ಲಿಯೇ ಇರುವ ಕಿಣ್ವಗಳು ಕಣಕವನ್ನು ಹಿಡಿದು ನಿಲ್ಲಿಸುವ ಗ್ಲೂಟೆನ್ ಎಳೆಗಳನ್ನು ಕಡಿಯುತ್ತವೆ. ಬೆಳಿಗ್ಗೆ ಎಳೆದರೆ ರಬ್ಬರಿನಂತೆ ಬರುತ್ತಿದ್ದ ಕಣಕ ಮಧ್ಯಾಹ್ನ ದೋಸೆಹಿಟ್ಟಿನ ಹಾಗೆ ಬೆರಳಿನಿಂದ ಇಳಿಯುವುದು ಇದರಿಂದಲೇ.

ಆದ್ದರಿಂದ ಕಲಸಿದ ಕೂಡಲೇ ಥರ್ಮಾಮೀಟರ್ ಚುಚ್ಚಿ ನೋಡಿ. ಕಡ್ಡಿಯಂಥ ಅಡುಗೆ ಥರ್ಮಾಮೀಟರ್ ಸಾಕು, ದುಬಾರಿಯದೇನೂ ಅಲ್ಲ. ಬೇಸಿಗೆಯಲ್ಲಿ ಕಲಸಿದಾಗ 20–22 ಇರಲಿ, ತಾನಾಗಿ 26ಕ್ಕೆ ಏರುತ್ತದೆ. 28 ದಾಟಿದ್ದರೆ ಆಗಲೇ ತಡವಾಗಿದೆ.

ನನ್ನ ಅಳತೆ 500 ಗ್ರಾಂ ಹಿಟ್ಟು, 350 ನೀರು. ಡಬ್ಬಿಯಲ್ಲಿದ್ದ ಹಿಟ್ಟು 34 ಡಿಗ್ರಿ ಇದ್ದ ದಿನ ಫ್ರಿಜ್ಜಿನ 9 ಡಿಗ್ರಿ ನೀರು ಹಾಕಿ ಕಲಸಿದರೆ ಕಣಕ 20ಕ್ಕೆ ಬಂತು. ಮಡಕೆಯ 26 ಡಿಗ್ರಿ ನೀರು ಹಾಕಿದಾಗ 29ಕ್ಕೆ ಹೋಯಿತು. ಒಂದು ದಿನ ಮಾತ್ರ ಮಡಕೆಯ ನೀರನ್ನೇ ಹಾಕಿದ್ದರೂ 33 ತೋರಿಸಿತು. ಥರ್ಮಾಮೀಟರ್ ಕೆಟ್ಟಿದೆ ಎಂದುಕೊಂಡೆ. ಆಮೇಲೆ ನೆನಪಾಯಿತು, ಆವತ್ತೇ ಗೋಧಿಯನ್ನು ಗಿರಣಿಗೆ ಕಳಿಸಿ ಬೀಸಿಸಿದ್ದೆ. ಗಿರಣಿಯಿಂದ ಬಂದ ಹಿಟ್ಟಿನ ಡಬ್ಬಿಯನ್ನು ಮುಟ್ಟಿದರೆ ಇನ್ನೂ ಬೆಚ್ಚಗಿತ್ತು, ಕಡ್ಡಿ ಚುಚ್ಚಿದರೆ 45! ಗಿರಣಿಯ ಹಿಟ್ಟನ್ನು ಹರವಿ ಆರಿಸಿ, ಬೇಕಾದಷ್ಟನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಡಿ. ಮರುದಿನ ನೀರಿನ ಚಿಂತೆ ಅರ್ಧ ಕಳೆಯುತ್ತದೆ.

ಕಣಕದ ಪಾತ್ರೆಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು, ಸುತ್ತ ಒದ್ದೆ ಬಟ್ಟೆ ಸುತ್ತಿ, ಬಟ್ಟೆಯ ಅಂಚು ನೀರಿಗೆ ತಾಗುವಂತೆ ಬಿಟ್ಟರೆ ನಮ್ಮ ಒಣ ಹವೆಯಲ್ಲಿ ಅದೇ ಒಂದು ಪುಟ್ಟ ತಂಗಳ ಪೆಟ್ಟಿಗೆ. ಬಳ್ಳಾರಿ, ರಾಯಚೂರು, ಕಲಬುರಗಿಯವರಿಗೆ ಇದು ಇನ್ನೂ ಚೆನ್ನಾಗಿ ಒಲಿಯುತ್ತದೆ. ಮಂಗಳೂರಿನ ತಂಗಿಗೆ ಹೇಳಿದೆ, ಅವಳಿಗೆ ಏನೂ ಉಪಯೋಗವಾಗಲಿಲ್ಲ. ಬೆವರೇ ಆರದ ಊರಿನಲ್ಲಿ ಒದ್ದೆ ಬಟ್ಟೆ ಹೇಗೆ ಆರೀತು? ಕರಾವಳಿಯವರು ಐಸ್ ಕಟ್ಟಿದ ನೀರಿನ ಬಾಟಲಿ ಹಾಕಿದ ಥರ್ಮೋಕೋಲ್ ಪೆಟ್ಟಿಗೆಯನ್ನೇ ನಂಬಬೇಕು.

ಹೆಪ್ಪು ಹಸಿದಿದೆಯೇ, ಹುಳಿದಿದೆಯೇ

ಮುಚ್ಚಳ ತೆಗೆದಾಗ ಉಗುರಿನ ಬಣ್ಣ ತೆಗೆಯುವ ದ್ರಾವಣದ ವಾಸನೆ ಬಂದರೆ, ಮೇಲೆ ಬೂದು ಬಣ್ಣದ ನೀರು ನಿಂತಿದ್ದರೆ, ಹಸಿವು. ಹೆದರಬೇಕಿಲ್ಲ. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ, ಇಲ್ಲವೇ ಬೂಸ್ಟು ಕಂಡರೆ ಮಾತ್ರ ಬಾಟಲಿಯ ಸಮೇತ ಖಾಲಿ ಮಾಡಿ, ಉಳಿಸಿಕೊಳ್ಳುವ ಆಸೆ ಬೇಡ.

ಚಳಿಗಾಲದಲ್ಲಿ ನಾನು ಹೆಪ್ಪು, ಹಿಟ್ಟು, ನೀರು ಮೂರನ್ನೂ ಸಮಸಮ ಸೇರಿಸಿ ದಿನಕ್ಕೆರಡು ಸಲ ಉಣಿಸುತ್ತಿದ್ದೆ. 35 ಡಿಗ್ರಿಯಲ್ಲಿ ಅಂಥ ಹೆಪ್ಪು ಮೂರು ಗಂಟೆಯೊಳಗೆ ಉಬ್ಬಿ ಇಳಿಯುತ್ತದೆ. ಉಳಿದ ಒಂಬತ್ತು ಗಂಟೆ ಉಪವಾಸ ಬಿದ್ದು ಹುಳಿಯುತ್ತದೆ. ಮರುದಿನದ ಕಣಕಕ್ಕೆ ಹೋಗುವುದು ಆ ಹುಳಿಯೇ. ಈಗ 5 ಗ್ರಾಂ ಹೆಪ್ಪಿಗೆ 50 ಹಿಟ್ಟು, 50 ನೀರು ಹಾಕುತ್ತೇನೆ. ಹಳೆಯ ಹುಳಿ ಅಷ್ಟರಮಟ್ಟಿಗೆ ತೆಳ್ಳಗಾಗುತ್ತದೆ, ಕೆಲಸಗಾರರು ಹೊಟ್ಟೆ ತುಂಬಿಕೊಂಡಿರುತ್ತಾರೆ. ನೀರನ್ನು ಇನ್ನೂ ಕಡಿಮೆ ಮಾಡಿ, ಚಪಾತಿಯ ಉಂಡೆಯಷ್ಟು ಗಟ್ಟಿಯಾಗಿ ಕಟ್ಟಿಟ್ಟರೆ ಮತ್ತೂ ನಿಧಾನ.

ಪರೀಕ್ಷೆ ಹೀಗೆ: ಬಾಟಲಿಗೆ ರಬ್ಬರ್ ಬ್ಯಾಂಡ್ ಹಾಕಿ, ಮಡಕೆಯ ಪಕ್ಕದಲ್ಲಿಟ್ಟು, ಗಂಟೆಗೊಮ್ಮೆ ನೋಡಿ. ಎರಡೂವರೆ ಪಟ್ಟು ಏರಿ, ತಲೆ ಗುಮ್ಮಟದಂತೆ ಇರುವಾಗಲೇ ಬಳಸಿ. ನಡುವೆ ತಗ್ಗು ಬಿದ್ದಿದ್ದರೆ ಹೊತ್ತು ಮೀರಿದೆ. ಎರಡು ದಿನ ಹೀಗೆ ಉಣಿಸಿದ ಮೇಲೂ ಏರದಿದ್ದರೆ ಮಾತ್ರ ಹೆಪ್ಪಿನ ಮೇಲೆ ಅನುಮಾನ ಪಡಿ. ನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆಗೆ ನಾನು ಬೆಲೆ ಕೊಡುವುದಿಲ್ಲ. ಹುಳಿಯೇರಿದ ಹೆಪ್ಪೂ ಒಳಗೆ ಗಾಳಿ ಉಳಿದಿದ್ದರೆ ಚೆಂದವಾಗಿ ತೇಲುತ್ತದೆ.

ಕಣಕಕ್ಕೆ ಹಾಕುವ ಹೆಪ್ಪನ್ನೂ ಇಳಿಸಿ. ಹಿಟ್ಟಿನ ತೂಕದ ಶೇ. 20ರಷ್ಟು ಹಾಕುತ್ತಿದ್ದವಳು ಈಗ ಶೇ. 10 ದಾಟುವುದಿಲ್ಲ. ಉಪ್ಪನ್ನು 10 ಗ್ರಾಂನಿಂದ 11ಕ್ಕೆ ಏರಿಸಿದ್ದೇನೆ, ಅದು ಸಣ್ಣದೊಂದು ಕಡಿವಾಣ.

ಹಿಟ್ಟು ನಿರಪರಾಧಿಯೇ

ಇದನ್ನು ಒಂದೇ ದಿನದಲ್ಲಿ ತೀರ್ಮಾನಿಸಬಹುದು. ಅದೇ ಹಿಟ್ಟು, ಅದೇ ನೀರು, ಅದೇ ಉಪ್ಪು. ಹೆಪ್ಪಿನ ಬದಲು ಅಂಗಡಿಯ ಒಣ ಯೀಸ್ಟ್ ಒಂದು ಚಿಟಿಕೆ ಹಾಕಿ ಬ್ರೆಡ್ ಮಾಡಿ. ಅದು ಎದ್ದು ನಿಂತರೆ ಹಿಟ್ಟಿಗೆ ಬಿಡುಗಡೆ. ಅದೂ ಮಲಗಿದರೆ ನೀರು ಹೆಚ್ಚಾಗಿದೆ ಇಲ್ಲವೇ ಹಿಟ್ಟಿಗೆ ಕಸುವಿಲ್ಲ. ಗಿರಣಿಯ ಗೋಧಿಹಿಟ್ಟು ನೀರನ್ನು ಬಹಳ ಕುಡಿಯುತ್ತದೆ, ಬೇಗ ಹುದುಗುತ್ತದೆ, ಆದರೆ ತವಡು ಗ್ಲೂಟೆನ್ ಎಳೆಗಳನ್ನು ಕತ್ತರಿಸುತ್ತದೆ. ಖಪ್ಲಿ ಗೋಧಿಯಂತೂ ರುಚಿಗೆ ದೊಡ್ಡದು, ಎದ್ದು ನಿಲ್ಲುವುದಕ್ಕೆ ಅಲ್ಲ. ಬೇಸಿಗೆ ಮುಗಿಯುವತನಕ ಇವನ್ನು ಕಾಲುಪಾಲಿಗೆ ಇಳಿಸಿ ಉಳಿದದ್ದಕ್ಕೆ ಮೈದಾ ಹಾಕುವುದು ಕ್ಷೇಮ. ಆರೋಗ್ಯದ ಭಾಷಣವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳೋಣ.

ನನ್ನ ಯೀಸ್ಟ್ ಬ್ರೆಡ್ ಎದ್ದು ನಿಂತಿತು. ಹೊಸ ಹೆಪ್ಪು ಎರಡೂವರೆ ಪಟ್ಟು ಏರುತ್ತಿತ್ತು. ಕಲಸಿದ ಕಣಕ 21 ಡಿಗ್ರಿ ಇತ್ತು. ಸಂಜೆ ಉಂಡೆ ಕಟ್ಟಿದಾಗ ಬಿಗಿಯಾಗಿ, ಗಲ್ಲದಂತೆ ನುಣ್ಣಗಿತ್ತು. ರಾತ್ರಿ ಫ್ರಿಜ್ಜಿಗೆ ಹೋದ ಆ ಉಂಡೆ ಬೆಳಿಗ್ಗೆ ಹೊರಗೆ ಬಂದಾಗ ಬುಟ್ಟಿಯ ಅಂಚು ದಾಟಿ ಜೋಲುಬಿದ್ದಿತ್ತು. ಅಂದರೆ ಕಳ್ಳತನ ನಡೆದದ್ದು ರಾತ್ರಿ, ಬಾಗಿಲು ಮುಚ್ಚಿದ ಮೇಲೆ.

ಫ್ರಿಜ್ ಎಂಬ ಸಭ್ಯಸ್ಥ

ಫ್ರಿಜ್ಜಿನಲ್ಲಿ ಇಟ್ಟರೆ ಹುದುಗು ನಿಲ್ಲುತ್ತದೆ ಎಂಬ ನಂಬಿಕೆ 4 ಡಿಗ್ರಿಯ ಫ್ರಿಜ್ಜಿಗೆ ಸಲ್ಲುತ್ತದೆ. ನಮ್ಮದು ಎಷ್ಟು ಡಿಗ್ರಿ ಇದೆ ಎಂದು ನಾನು ಯಾವತ್ತೂ ನೋಡಿರಲಿಲ್ಲ. ಒಂದು ಲೋಟ ನೀರನ್ನು ಮಧ್ಯದ ಹಲಗೆಯಲ್ಲಿಟ್ಟು ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ ಬಿಟ್ಟೆ. ಗಾಳಿಯ ಉಷ್ಣತೆ ಬಾಗಿಲು ತೆಗೆದಾಗಲೆಲ್ಲ ಕುಣಿಯುತ್ತದೆ, ನೀರು ಹಾಗೆ ಸುಳ್ಳು ಹೇಳುವುದಿಲ್ಲ. ರಾತ್ರಿ ಹತ್ತಕ್ಕೆ 11 ಡಿಗ್ರಿ. ರಜೆಗೆ ಬಂದ ಮಕ್ಕಳು ನಿಮಿಷಕ್ಕೊಮ್ಮೆ ಐಸಿಗೆಂದು ಬಾಗಿಲು ತೆಗೆಯುತ್ತಾರೆ. ಮಜ್ಜಿಗೆಯ ತಪ್ಪಲೆ, ಮಾವಿನ ರಸದ ಡಬ್ಬಿ, ಇನ್ನೂ ಬಿಸಿ ಆರದ ಸಾರು, ಎಲ್ಲ ಒಳಗೆ. ಅದರ ಮೇಲೆ ಹನ್ನೊಂದಕ್ಕೆ ಕರೆಂಟ್ ಹೋಗಿ ಒಂದೂವರೆ ಗಂಟೆ ಬರಲಿಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು ನೋಡಿದರೆ ಸದ್ಗೃಹಸ್ಥನಂತೆ 6 ಡಿಗ್ರಿ ತೋರಿಸುತ್ತ ನಿಂತಿದೆ. ಬೆಳಿಗ್ಗೆ ಮಾತ್ರ ನೋಡುತ್ತಿದ್ದರೆ ಅದರ ಮೇಲೆ ಅನುಮಾನವೇ ಬರುತ್ತಿರಲಿಲ್ಲ.

ಮರುರಾತ್ರಿ ಕಣಕದ ನಡುವಿಗೇ ಕಡ್ಡಿ ಚುಚ್ಚಿಟ್ಟೆ. ಒಂಬತ್ತಕ್ಕೆ 28 ಡಿಗ್ರಿಯಲ್ಲಿ ಒಳಗೆ ಹೋದ ಉಂಡೆ 10 ಡಿಗ್ರಿಗೆ ಇಳಿಯುವಷ್ಟರಲ್ಲಿ ನಡುರಾತ್ರಿ ಕಳೆದು ಎರಡಾಗಿತ್ತು. ಐದು ಗಂಟೆ! ಅಷ್ಟು ಹೊತ್ತೂ ಅದು ಉಬ್ಬುತ್ತಲೇ ಇತ್ತು. ಬೆತ್ತದ ಬುಟ್ಟಿ, ಅದರೊಳಗೆ ಬಟ್ಟೆ, ಮೇಲೆ ಪ್ಲಾಸ್ಟಿಕ್ ಚೀಲ. ನಾನೇ ಅದಕ್ಕೆ ಕಂಬಳಿ ಹೊದಿಸಿ ಮಲಗಿಸಿದ್ದೆ.

ಪರಿಹಾರ ಮೂರು ಕಡೆಯಿಂದ ಬಂತು. ಮೊದಲನೆಯದು, ಉಂಡೆ ಕಟ್ಟುವ ಮೊದಲಿನ ಉಬ್ಬನ್ನು ಬೇಗ ನಿಲ್ಲಿಸುವುದು. ನೇರ ಗೋಡೆಯ ಡಬ್ಬಿಯಲ್ಲಿ ಕಣಕದ ಮಟ್ಟ 6 ಸೆಂಟಿಮೀಟರ್ ಇದ್ದರೆ ಚಳಿಗಾಲದಲ್ಲಿ ಹತ್ತೂವರೆ ಸೆಂಟಿಮೀಟರಿಗೆ ಬರುವವರೆಗೆ ಬಿಡುತ್ತಿದ್ದೆ, ಈಗ 8ಕ್ಕೆ ಬಂದ ಕೂಡಲೇ ಉಂಡೆ ಕಟ್ಟುತ್ತೇನೆ. ಮಿಕ್ಕ ಉಬ್ಬನ್ನು ಫ್ರಿಜ್ ಕೊಡುತ್ತದೆ. ಕಣಕದ ಚೂರೊಂದನ್ನು ಪುಟ್ಟ ಶೀಸೆಯಲ್ಲಿ ಹಾಕಿ ಅದರ ಏರಿಕೆ ನೋಡುವ ರೂಢಿ ಕೆಲವರಿಗಿದೆ. ಬೇಸಿಗೆಯಲ್ಲಿ ಆ ಚೂರು ದೊಡ್ಡ ಕಣಕಕ್ಕಿಂತ ಬೇಗ ಬಿಸಿಯಾಗಿ ಮುಂದೆ ಓಡುತ್ತದೆ. ಶೀಸೆಯನ್ನೂ ಒದ್ದೆ ಬಟ್ಟೆಯೊಳಗೇ ಇಡದಿದ್ದರೆ ಅದರ ಮಾತು ಕೇಳಬೇಡಿ.

ಎರಡನೆಯದು, ಬೆತ್ತದ ಬುಟ್ಟಿಗೆ ರಜೆ ಕೊಟ್ಟು ಸ್ಟೀಲ್ ಬಟ್ಟಲಿಗೆ ತೆಳು ಬಟ್ಟೆ ಹಾಸಿದ್ದು. ಸ್ಟೀಲಿಗೆ ತಂಪು ಬೇಗ ತಾಗುತ್ತದೆ. ಮೊದಲ ಮುಕ್ಕಾಲು ಗಂಟೆ ಫ್ರೀಜರಿನಲ್ಲಿಟ್ಟು ಆಮೇಲೆ ಕೆಳಗಿಳಿಸುತ್ತೇನೆ. ಮೂರನೆಯದು, ಬಟ್ಟಲಿನ ಎರಡೂ ಪಕ್ಕಕ್ಕೆ ಐಸ್ ಕಟ್ಟಿದ ನೀರಿನ ಬಾಟಲಿ. ಕರೆಂಟ್ ಹೋದರೂ ಅವು ಕಾಯುತ್ತವೆ. ಮಕ್ಕಳ ಐಸಿಗೆ ಬೇರೆ ಫ್ಲಾಸ್ಕ್ ತುಂಬಿ ಹೊರಗಿಟ್ಟದ್ದು ನಾಲ್ಕನೆಯದು ಎನ್ನಬಹುದು. ಬಹುಶಃ ಅದೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು.

ಬೆರಳೊತ್ತಿ ನೋಡುವ ಪರೀಕ್ಷೆ ತಣ್ಣಗಾದ ಕಣಕದ ಮೇಲೆ ನಡೆಯುವುದಿಲ್ಲ. ತಂಪಿಗೆ ಬಿಗಿದ ಕಣಕ ಹದ ಮೀರಿದ್ದರೂ ಗಟ್ಟಿಯಾಗಿಯೇ ತೋರುತ್ತದೆ. ಫ್ರಿಜ್ಜಿಗೆ ಹೋಗುವ ಮೊದಲು ಒತ್ತಿ ನೋಡಿ. ತಗ್ಗು ನಿಧಾನವಾಗಿ ಅರ್ಧದಷ್ಟು ಮೇಲೆ ಬಂದರೆ ಸರಿ.

ಫ್ರಿಜ್ಜೇ ಬೇಡವೆನ್ನುವವರಿಗೆ

ಒಂದು ದಿನ ಅತ್ತೆ ದೋಸೆಗೆ ರುಬ್ಬುತ್ತಿದ್ದರು, ರಾತ್ರಿ ಹತ್ತು ಗಂಟೆಗೆ, ಗ್ರೈಂಡರಿಗೆ ತಣ್ಣೀರು ಹಾಕುತ್ತ. ಇಷ್ಟು ಹೊತ್ತಿಗೆ ಯಾಕೆ ಎಂದೆ. "ಸಂಜೆ ರುಬ್ಬಿದರೆ ಬೆಳಗಿಗೆ ಹುಳಿಯಾಗಿ ಉಕ್ಕಿ ನೆಲಕ್ಕೆ ಹರಿದಿರುತ್ತದೆ. ಬೇಸಿಗೆಯಲ್ಲಿ ಮಲಗುವ ಹೊತ್ತಿಗೇ ರುಬ್ಬಬೇಕು" ಎಂದರು. ಬೆಣ್ಣೆದೋಸೆಯ ಊರಿನಲ್ಲಿದ್ದುಕೊಂಡು ಇದನ್ನು ನಾನು ಬ್ರೆಡ್ಡಿಗೆ ಅನ್ವಯಿಸಿರಲಿಲ್ಲ. ಆವತ್ತೇ ಕಣಕಕ್ಕೆ ಬರೀ 20 ಗ್ರಾಂ ಹೆಪ್ಪು, ಅಂದರೆ ಶೇ. 4, ಹಾಕಿ ಹತ್ತಕ್ಕೆ ಕಲಸಿ, ಕಿಟಕಿಯ ಪಕ್ಕ ಒದ್ದೆ ಬಟ್ಟೆ ಸುತ್ತಿಟ್ಟೆ. ಇಲ್ಲಿ ಜಾವದ ಹೊತ್ತಿಗೆ 24ರ ಸುಮಾರಿಗೆ ಇಳಿಯುತ್ತದೆ. ಐದಕ್ಕೆ ಎದ್ದರೆ 6 ಸೆಂಟಿಮೀಟರ್ ಇದ್ದದ್ದು 9 ಆಗಿತ್ತು. ಉಂಡೆ ಕಟ್ಟಿ, ಮುಕ್ಕಾಲು ಗಂಟೆ ಬಿಟ್ಟು, ಬಿಸಿಲೇರುವ ಮೊದಲೇ ಬೇಯಿಸಿ ಮುಗಿಸಿದೆ. ಗೀರು ಬಾಯಿ ಬಿಟ್ಟಿತು, ಅದರ ಅಂಚು ಕಿವಿಯಂತೆ ಎದ್ದಿತು. ಬೆಂದಿದೆಯೇ ಎಂಬ ಅನುಮಾನಕ್ಕೆ ನಡುವಿಗೆ ಕಡ್ಡಿ ಚುಚ್ಚಿ, 96 ಡಿಗ್ರಿ ಬಂದರೆ ಸಾಕು. ಸಮುದ್ರಮಟ್ಟದಿಂದ 600 ಮೀಟರ್ ಎತ್ತರದ ನಮ್ಮೂರಿನಲ್ಲಿ ನೀರೇ 98ಕ್ಕೆ ಕುದಿಯುತ್ತದೆ, ನೂರಕ್ಕಾಗಿ ಕಾಯಬೇಡಿ.

ಚೆನ್ನಾಗಿ ಬಂದ ಬ್ರೆಡ್ ಮೂರನೆಯ ದಿನ ನಾರಿದರೆ

ಇದು ಬೇರೆಯೇ ರೋಗ. ಮುರಿದಾಗ ತಿರುಳು ಜೇಡರ ಬಲೆಯ ಎಳೆಯಂತೆ ನೂಲು ಬಿಟ್ಟು, ಕೊಳೆತ ಕರಬೂಜದ ವಾಸನೆ ಬಂದರೆ ಅದು ಬೂಸ್ಟಲ್ಲ. ಹಿಟ್ಟಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯದ ಬೀಜಕಣಗಳು ಓವನ್ನಿನ ಬಿಸಿಯಲ್ಲೂ ಸಾಯದೆ ಉಳಿದು ಸೆಕೆಯಲ್ಲಿ ಚಿಗುರುತ್ತವೆ. ಹುಳಿ ಅವನ್ನು ಅದುಮಿಡುತ್ತದೆ. ಹುಳಿಗೆ ಹೆದರಿ ಹೆಪ್ಪನ್ನು ತೀರ ಇಳಿಸಿ, ಹೊತ್ತನ್ನೂ ತೀರ ಕಡಿಮೆ ಮಾಡಿದವರಿಗೆ ಈ ಕಾಟ ಬರಬಹುದು. ಆ ಬ್ರೆಡ್ಡನ್ನು ದನಕ್ಕೂ ಹಾಕದೆ ಎಸೆಯಿರಿ, ಹಲಗೆ, ಚಾಕು, ಡಬ್ಬಿಯನ್ನು ವಿನೆಗರಿನಿಂದ ಒರೆಸಿ. ಮೇ ತಿಂಗಳಲ್ಲಿ ನಾನು ಬ್ರೆಡ್ ಆರಿದ ಕೂಡಲೇ ಹೋಳು ಮಾಡಿ ಫ್ರೀಜರಿಗೆ ಹಾಕಿಬಿಡುತ್ತೇನೆ.

ಕೊನೆಯದಾಗಿ ಒಂದು ಎಚ್ಚರಿಕೆ. ಮೇ ನಡುವಿನಲ್ಲಿ ಒಂದು ಸಂಜೆ ಗುಡುಗು ಸಹಿತ ಮಳೆ ಬಿದ್ದು ಅಡುಗೆಮನೆ ಏಳು ಡಿಗ್ರಿ ತಣ್ಣಗಾಯಿತು. ಅಭ್ಯಾಸಬಲದಿಂದ 20 ಗ್ರಾಂ ಹೆಪ್ಪು, ಫ್ರಿಜ್ಜಿನ ನೀರು, ಒದ್ದೆ ಬಟ್ಟೆ ಎಲ್ಲ ಹಾಕಿ ಮಲಗಿದೆ. ಐದಕ್ಕೆ ನೋಡಿದರೆ ಕಣಕ ಏಳು ಸೆಂಟಿಮೀಟರ್ ಕೂಡ ಮುಟ್ಟಿರಲಿಲ್ಲ. ಬಟ್ಟೆ ಬಿಚ್ಚಿ, ಒಲೆಯ ಪಕ್ಕಕ್ಕೆ ಸರಿಸಿ, ಒಂಬತ್ತರವರೆಗೆ ಬಿಟ್ಟೆ. ಆವತ್ತು ಬೆಳಗಿನ ತಿಂಡಿಗೆ ದೋಸೆಯೇ ಆಯಿತು, ಬ್ರೆಡ್ ಮಧ್ಯಾಹ್ನಕ್ಕೆ ಬಂತು.